ನೈಋತ್ಯಕ್ಕೆ ಸರಿದ ಕಬ್ಬಿಣ

ನನಗೆ ಸಿಟ್ಟು ಬೇಗ ಬರುತ್ತದೆ. "ಇಕಿ ಮೂಗಿನ ತುದ್ಯಾಗ ಸಿಟ್ಟು ಕುಂತಿರ್ತೈತಿ" ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬೇಗ ಬಂದ ಸಿಟ್ಟು ಬೇಗ ಇಳಿಯುತ್ತದೆ ಎಂಬ ಮಾತೂ ಜನರ ಬಾಯಲ್ಲಿದೆ. ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ಸಂಡೂರಿನ ಒಂದು ಕಾಲೇಜಿನ ಗೋಡೆಯ ಮೇಲೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಅದಿರಿನ ಹುಚ್ಚು ಏರಿದ್ದ ವರ್ಷಗಳವು. ಚೀನಾಕ್ಕೆ ಎಷ್ಟು ಕಳಿಸಿದರೂ ಸಾಲದು ಎನ್ನುವ ಕಾಲ. ನಾನು ಅವ್ವನ ಜೊತೆ ಹೊಸಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ದಿನಾ ಬಸ್ಸು ಹಿಡಿದು ಸಂಡೂರಿಗೆ ಹೋಗಿ ಹುಡುಗಿಯರ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ. ಮುಂದೆ ಲಾರಿ, ಹಿಂದೆ ಲಾರಿ, ಎದುರಿಗೆ ಬರುವುದೂ ಲಾರಿ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಧೂಳು. ಬಸ್ಸಿಳಿಯುವಾಗ ನನ್ನ ಹುಬ್ಬು, ಸೀರೆಯ ಅಂಚು, ಊಟದ ಡಬ್ಬಿಯ ಮುಚ್ಚಳ ಎಲ್ಲ ಕೆಂಪು. ರಸ್ತೆ ಬದಿಯ ಹುಣಸೆ ಮರಗಳ ಎಲೆಯ ಬಣ್ಣ ಯಾವುದೆಂದು ಮಳೆ ಬಂದ ಮೇಲಷ್ಟೇ ಗೊತ್ತಾಗುತ್ತಿತ್ತು.

ಬೇರೆಯವರಿಗೆ ಅದು ಬರೀ ಧೂಳು. ನನಗೆ ಅದು ಏನೆಂದು ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು. ಕಬ್ಬಿಣದ ಒಂದು ಪರಮಾಣುವಿನಲ್ಲಿ ಇಪ್ಪತ್ತಾರು ಎಲೆಕ್ಟ್ರಾನುಗಳಿರುತ್ತವೆ. ಹೊರಗಿನ ಎರಡನ್ನು ಅದು ಹೆಚ್ಚು ತಕರಾರಿಲ್ಲದೆ ಬಿಟ್ಟುಕೊಡುತ್ತದೆ. ಆಮೇಲೆ ಒಳಗಿನ ಕವಚದಿಂದಲೂ ಒಂದನ್ನು ಬಿಡುತ್ತದೆ. ಯಾಕೆಂದರೆ ಆ ಒಳಮನೆಯಲ್ಲಿ ಐದು ಮಂಚ, ಮಲಗುವವರು ಆರು ಮಂದಿ. ಇಬ್ಬರು ಒಂದೇ ಮಂಚದಲ್ಲಿ ಒದ್ದಾಡುತ್ತಿರುತ್ತಾರೆ. ಒಬ್ಬ ಎದ್ದು ಹೋದರೆ ಐದು ಮಂಚಕ್ಕೆ ಐವರು, ಎಲ್ಲರಿಗೂ ನೆಮ್ಮದಿ. ಹಾಗೆ ಮೂರು ಎಲೆಕ್ಟ್ರಾನು ಕಳೆದುಕೊಂಡು ಆಮ್ಲಜನಕದ ಜೊತೆ ಸೇರಿದ ಕಬ್ಬಿಣವೇ ನಮ್ಮ ಸಂಡೂರಿನ ಕೆಂಪು. ಅದರ ಪಕ್ಕದ ಮನೆಯದು ಮ್ಯಾಂಗನೀಸ್. ಧಾತುಗಳ ಆವರ್ತ ಕೋಷ್ಟಕದಲ್ಲೂ ಪಕ್ಕ, ಸಂಡೂರಿನ ಗುಡ್ಡದಲ್ಲೂ ಪಕ್ಕ. ಇದನ್ನು ನಾನು ಹೇಳಿದಾಗ ಹುಡುಗಿಯರು ಕಿಟಕಿಯಾಚೆ ಗುಡ್ಡದ ಕಡೆ ನೋಡುತ್ತಿದ್ದರು. ಆ ಗಳಿಗೆಗಾಗಿಯೇ ನಾನು ಆ ಬಸ್ಸಿನ ಹಿಂಸೆ ಸಹಿಸಿದ್ದೆ.

ಆವರ್ತ ಕೋಷ್ಟಕ ಕಲಿಸುವುದೆಂದರೆ ನನಗೆ ಹಬ್ಬ. ಬಹಳ ಕಡೆ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಾನು ಕಂಪ್ಲಿ ಕಡೆಯವಳು. ನಮ್ಮ ಗದ್ದೆ ಕಾಲುವೆಯ ಕೊನೆಯಲ್ಲಿತ್ತು. ಮೇಲಿನ ಗದ್ದೆಯವರೆಲ್ಲ ತೂಬು ತೆಗೆದುಕೊಂಡು, ಅವರ ಹೊಟ್ಟೆ ತುಂಬಿದ ಮೇಲೆ ಉಳಿದರೆ ನಮಗೆ ನೀರು. ಈ ಲೆಕ್ಕವನ್ನೇ ನಾನು ಕ್ಲಾಸಿನಲ್ಲಿ ಇಡುತ್ತಿದ್ದೆ.

"ಬೀಜಕೇಂದ್ರ ಅಂದರೆ ಡ್ಯಾಮು. ಅದರ ಸೆಳೆತ ಕಾಲುವೆಯ ನೀರು. ಹತ್ತಿರದ ಕವಚದ ಎಲೆಕ್ಟ್ರಾನಿಗೆ ಬೇಕಾದಷ್ಟು. ನಡುವೆ ಸಾಲು ಸಾಲು ಕವಚ ಬಂದವೆಂದರೆ ಅವು ಅಡ್ಡ ನಿಂತು ಹೊರಗಿನದಕ್ಕೆ ಸೆಳೆತ ಮುಟ್ಟಗೊಡುವುದಿಲ್ಲ. ಒಂದೇ ಗುಂಪಿನಲ್ಲಿ ಕೆಳಗಿಳಿದ ಹಾಗೆ ಕವಚ ಹೆಚ್ಚು, ಪರಮಾಣು ದೊಡ್ಡದು, ಹೊರಗಿನ ಎಲೆಕ್ಟ್ರಾನಿನ ಹಿಡಿತ ಸಡಿಲ. ಅದೇ ಎಡದಿಂದ ಬಲಕ್ಕೆ ನಡೆದರೆ? ಡ್ಯಾಮಿನಲ್ಲಿ ನೀರು ಹೆಚ್ಚಿತು, ಹೊಸ ಗದ್ದೆ ಸಾಲು ಬರಲಿಲ್ಲ. ಎಲ್ಲರಿಗೂ ಸೆಳೆತ ಜಾಸ್ತಿ, ಪರಮಾಣು ಮುದುಡಿ ಚಿಕ್ಕದಾಗುತ್ತದೆ."

ಒಂದು ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಹಂಗಾರ ಮೇಡಂ, ಕೊನೀ ಗದ್ದ್ಯಾವ ಜಲ್ದಿ ಊರು ಬಿಟ್ಟು ಹೋಗ್ತಾನಲ್ರಿ?"

"ಅದೇ ನೋಡು ಅಯಾನೀಕರಣ ಶಕ್ತಿ ಕಡಿಮೆ ಅಂದರೆ, ಕೊನೆಯ ಎಲೆಕ್ಟ್ರಾನು ಸುಲಭವಾಗಿ ಬಿಟ್ಟುಹೋಗುತ್ತದೆ" ಎಂದೆ. ಇಡೀ ಕ್ಲಾಸು ನಕ್ಕಿತು, ಆದರೆ ಒಬ್ಬರೂ ಅದನ್ನು ಮರೆಯಲಿಲ್ಲ. ಆ ಹುಡುಗಿ ವಡ್ಡು ಊರಿನವಳು. ಅವಳಪ್ಪ ಟಿಪ್ಪರ್ ಓಡಿಸುತ್ತಿದ್ದ. ಟಿಪ್ಪರ್ ನಮ್ಮ ಕಾಲೇಜಿನ ಅಧ್ಯಕ್ಷರದು.

ಅಧ್ಯಕ್ಷರ ಬಗ್ಗೆ ಹೇಳಬೇಕು. ಊರಲ್ಲಿ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ಹಿರಿಯರ ಕಾಲದಿಂದ ರೈಸ್ ಮಿಲ್ಲು. ಅದಿರಿಗೆ ಬೆಲೆ ಬಂದ ಕೂಡಲೇ ಮಿಲ್ಲನ್ನು ತಮ್ಮನಿಗೆ ಬಿಟ್ಟು ಲಾರಿ, ಸ್ಟಾಕ್ ಯಾರ್ಡು, ಗುಡ್ಡದಲ್ಲಿ ಪಾಲು ಎಂದು ಏರುತ್ತ ಹೋದರು. ಕೆಟ್ಟ ಮನುಷ್ಯ ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ. ಹುಡುಗಿಯರ ಫೀಜು ತಡವಾದರೆ ಕೇಳುತ್ತಿರಲಿಲ್ಲ. ಮಾತು ಮೆತ್ತಗೆ, ನಗುಮುಖ. ಆದರೆ ತಾವು ಕೊಂಡದ್ದೆಲ್ಲ ತಾವು ಹೇಳಿದ ಹಾಗೆ ಕೇಳುತ್ತದೆ ಎಂಬ ನಂಬಿಕೆ ಅವರ ರಕ್ತದಲ್ಲೇ ಇತ್ತು. ಆ ವರ್ಷಗಳಲ್ಲಿ ಆ ನಂಬಿಕೆಯನ್ನು ಸುಳ್ಳು ಮಾಡುವವರೂ ಯಾರೂ ಇರಲಿಲ್ಲ.

ಅವರೇ ಕಾಲೇಜಿಗೆ ಹೊಸ ಲ್ಯಾಬು ಕಟ್ಟಿಸಿದರು. ಉದ್ದನೆಯ ಗೋಡೆಯ ತುಂಬ ಆವರ್ತ ಕೋಷ್ಟಕ ಬರೆಸೋಣ ಎಂದದ್ದು ನಾನು. ಲಾರಿಗಳ ಬೆನ್ನಿಗೆ ಹೆಸರು, ಹೂಬಳ್ಳಿ ಬರೆಯುವ ಹೊಸಪೇಟೆಯ ಪೇಂಟರನ್ನು ಕರೆಸಿದರು. ಅವನು ಬರೆದ ಒಂದೊಂದು ಮನೆಯನ್ನೂ ನಾನು ಪಕ್ಕದಲ್ಲೇ ನಿಂತು ಪುಸ್ತಕದೊಂದಿಗೆ ಹೋಲಿಸಿ ನೋಡಿದೆ. ಸಂಕೇತ, ಸಂಖ್ಯೆ, ಕೆಳಗೆ ಸಣ್ಣಗೆ ಎಲೆಕ್ಟ್ರಾನುಗಳ ಜೋಡಣೆ. ಮುಗಿದ ದಿನ ಅಧ್ಯಕ್ಷರು ಬಂದು "ನಮ್ಮ ಕಬ್ಬಿಣ ಎಲ್ಲೈತ್ರಿ ಮೇಡಂ?" ಎಂದು ಕೇಳಿದರು. ತೋರಿಸಿದೆ. ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಆ ಮನೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ಅವತ್ತು ಅವರ ಮೇಲೆ ಪ್ರೀತಿಯೇ ಬಂದಿತ್ತು.

ಅದಾಗಿ ಕೆಲವು ವಾರಕ್ಕೆ ಅವರ ಅದಿರಿನ ದೊಡ್ಡ ಲೋಡು ಬಂದರಿನಿಂದ ವಾಪಸು ಬಂತು. ಗ್ರೇಡು, ಅಂದರೆ ಅದಿರಿನಲ್ಲಿರುವ ಕಬ್ಬಿಣದ ಪ್ರಮಾಣ, ಸಾಲದು ಎಂದರಂತೆ. ಮಣ್ಣು ಬೆರೆಸಿ ಕಳಿಸಿದ ಅದಿರಿನಲ್ಲಿ ಗ್ರೇಡು ಎಲ್ಲಿಂದ ಬರಬೇಕು? ಸಂಡೂರಿನಲ್ಲಿ ಆ ಸುದ್ದಿ ಚಹಾ ಅಂಗಡಿಯವರಿಗೂ ಗೊತ್ತಿತ್ತು. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಧ್ಯಕ್ಷರು ವಾಸ್ತು ನೋಡುವವರೊಬ್ಬರನ್ನು ಕರೆಸಿ ಮನೆ ತೋರಿಸಿದರು, ಆಫೀಸು ತೋರಿಸಿದರು, ಯಾರ್ಡಿನ ಗೇಟು ತೋರಿಸಿದರು. ಕೊನೆಗೆ ಹೊಸ ಲ್ಯಾಬಿಗೂ ಕರೆತಂದರು.

ವಾಸ್ತುವಿನವರು ಗೋಡೆಯನ್ನು ನಿವೇಶನದ ನಕ್ಷೆಯ ಹಾಗೆ ಓದಿದರು. ಮೇಲೆ ಉತ್ತರ, ಕೆಳಗೆ ದಕ್ಷಿಣ. ಮೇಲಿನ ಬಲಮೂಲೆ ಈಶಾನ್ಯ. ಅಲ್ಲಿ ಹೀಲಿಯಂ ಎಂಬ ಗಾಳಿ ಇದೆ, ಹಗುರ, ಒಳ್ಳೆಯದು ಎಂದರು. ನಟ್ಟನಡುವೆ ಬ್ರಹ್ಮಸ್ಥಾನ. ಅಲ್ಲಿ ಭಾರ ಇಡಬಾರದು. ಅಲ್ಲೇ ಕೂತಿತ್ತು ಕಬ್ಬಿಣ! ಸಾಹುಕಾರರ ಲಕ್ಷ್ಮಿಯನ್ನು ಬ್ರಹ್ಮನ ಎದೆಯ ಮೇಲೆ ಇಟ್ಟಿದ್ದೀರಿ, ಲೋಡು ತಿರುಗಿ ಬರದೆ ಇನ್ನೇನು ಎಂದು ತೀರ್ಪಿತ್ತರು. ಭಾರದ ವಸ್ತು ನೈಋತ್ಯದಲ್ಲಿರಬೇಕು. ಅಂದರೆ ಕೆಳಗಿನ ಎಡಮೂಲೆ.

ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದರು. ಪ್ರಿನ್ಸಿಪಾಲರು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರು. ಅಧ್ಯಕ್ಷರು ಎದುರಿನ ಕುರ್ಚಿಯಲ್ಲಿದ್ದರು.

"ಕುಂದ್ರಿ ಮೇಡಂ" ಎಂದರು ಅಧ್ಯಕ್ಷರು. "ಒಂದು ಸಣ್ಣ ಕೆಲಸ. ಕಬ್ಬಿಣದ ಮನಿ ಒಂದು ಸರಸಬೇಕು. ಕೆಳಗ, ಎಡಕ್ಕ. ಅಲ್ಲಿರೋದನ್ನ ನಡುವಿಗೆ ತರ್ರಿ. ಬರೇ ಅದಲು ಬದಲು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಅವರು ನಗಲಿಲ್ಲ.

"ಸರ್, ಅದು ಕುರ್ಚಿ ಅಲ್ರಿ ಎತ್ತಿ ಇಡಾಕ" ಎಂದೆ. "ಯಾವ ಧಾತು ಎಲ್ಲಿ ಕುಂದ್ರಬೇಕು ಅನ್ನೋದು ಅದರ ಎಲೆಕ್ಟ್ರಾನ್ ಮ್ಯಾಲ ನಿಂತೈತಿ. ನೀವು ಹೇಳೋ ಮೂಲ್ಯಾಗ ಫ್ರಾನ್ಸಿಯಂ ಐತಿ. ಏಳು ಕವಚ, ಕಟ್ಟಕಡೀಗೆ ಒಂದೇ ಒಂದು ಎಲೆಕ್ಟ್ರಾನು. ಆ ಸಾಲಿನವೆಲ್ಲ ನೀರಿಗೆ ಬಿದ್ರ ಬೆಂಕಿ ಹತ್ತೋ ಜಾತಿಯವು. ಕಬ್ಬಿಣ ಅಲ್ಲಿ ಹೆಂಗ ಕುಂದ್ರತೈತಿ?"

"ಪುಸ್ತಕದಾಗ ಹಂಗೇ ಇರ್ಲಿ. ನಾ ಬ್ಯಾಡ ಅಂದಿಲ್ಲ. ಗೋಡಿ ಮ್ಯಾಲ ಅಷ್ಟ."

"ಮಕ್ಳು ಗೋಡಿ ನೋಡ್ತಾವ್ರಿ."

ಅಧ್ಯಕ್ಷರು ನಕ್ಕರು. "ನೀವು ಭಾಳ ಚೊಲೋ ಪಾಠ ಮಾಡ್ತೀರಿ ಅಂತ ಕೇಳೀನಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲಲ್ಲ? ಲ್ಯಾಬ್ ಉದ್ಘಾಟನಾ ದಿನ ಎಲ್ಲಾರ ಮುಂದ ಆರ್ಡರ್ ಕೊಡೋಣಂತ. ಸುಮ್ಮನ ಗೋಡಿ ವಿಷಯಕ್ಕ ಮನಸು ಕೆಡಿಸಿಕೋಬ್ಯಾಡ್ರಿ."

ವಿಷಯ ಸ್ಪಷ್ಟವಾಯಿತು. ವರ್ಷ ವರ್ಷವೂ ಜೂನಿನಲ್ಲಿ ಕೈಕಟ್ಟಿ ನಿಂತು "ಈ ವರ್ಷ ನಾನು ಇದ್ದೀನಾ ಸರ್" ಎಂದು ಕೇಳುವ ಕೆಲಸ ನನ್ನದು. ಅವ್ವನ ಔಷಧಿ, ಮನೆ ಬಾಡಿಗೆ, ಎಲ್ಲ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು. ಬಾಯಿ ಮುಚ್ಚಿದರೆ ಕೆಲಸ ಕಾಯಂ. ತೆರೆದರೆ ಬೀದಿ. ನಾನು ಪ್ರಿನ್ಸಿಪಾಲರ ಕಡೆ ನೋಡಿದೆ. ಅವರು ಮೇಜಿನ ಮೇಲಿನ ಗಾಜಿನ ಗುಂಡನ್ನು ತಿರುಗಿಸುತ್ತಿದ್ದರು.

ಅಧ್ಯಕ್ಷರು ಹೋದ ಮೇಲೆ ನಾನು ಪ್ರಿನ್ಸಿಪಾಲರನ್ನು ಬಿಡಲಿಲ್ಲ. "ಸರ್, ಅವರಿಗೆ ಗೊತ್ತಿಲ್ಲ. ನಿಮಗ ಗೊತ್ತೈತಲ್ಲ? ಭಾರದ ಲೆಕ್ಕಾನೇ ಹಿಡೀರಿ. ಫ್ರಾನ್ಸಿಯಂ ಪರಮಾಣು ಕಬ್ಬಿಣಕ್ಕಿಂತ ನಾಕು ಪಟ್ಟು ಭಾರ. ಈಗ ಬ್ರಹ್ಮನ ಎದಿ ಮ್ಯಾಲ ಇನ್ನೂ ದೊಡ್ಡ ಕಲ್ಲು ಇಟ್ಟಂಗಾಗ್ತೈತಿ."

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅದನ್ನ ಮಾತ್ರ ಅವರ ಮುಂದ ಹೇಳಬ್ಯಾಡ್ರಿ ಮಾರಾಯ್ರ. ಇನ್ನೊಮ್ಮೆ ಬರೆಸ್ತಾರ. ಏನೋ ಒಂದು ಗೋಡಿ, ಹೋಗ್ಲಿ ಬಿಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಗೊತ್ತಿಲ್ಲದವರ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು? ನನ್ನ ಹೊಟ್ಟೆ ಉರಿದದ್ದು ಗೊತ್ತಿದ್ದೂ ಗಾಜಿನ ಗುಂಡು ತಿರುಗಿಸುತ್ತ ಕೂತವರ ಮೇಲೆ. ಅವತ್ತು ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೂ ಜಗಳವಾಡಿದೆ.

ದಸರಾ ರಜೆ ಮುಗಿಸಿ ಬಂದಾಗ ಕೆಲಸ ಆಗಿಹೋಗಿತ್ತು. ಯಾರಿಗೂ ಹೇಳದೆ ಪೇಂಟರನ್ನು ಕರೆಸಿದ್ದರು. ಲ್ಯಾಬಿನ ಬಾಗಿಲು ತೆಗೆದವಳು ಹಾಗೇ ನಿಂತೆ. ಕೆಳಗಿನ ಎಡಮೂಲೆಯಲ್ಲಿ, ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಇಳಿದು ಬಂದ ಸಾಲಿನ ಕೊನೆಯಲ್ಲಿ, ಕಬ್ಬಿಣ. ಸುತ್ತ ಬಂಗಾರದ ಬಣ್ಣದ ಅಂಚು ಬೇರೆ. ಅರ್ಧ ಗಂಟೆಯೊಳಗೆ ಅರ್ಧಕ್ಕರ್ಧ ಸವೆದುಹೋಗುವ, ಭೂಮಿಯ ಮೇಲೆ ಹುಡುಕಿದರೂ ಸಿಗದ ಫ್ರಾನ್ಸಿಯಂ, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ನಡುವೆ ಬಂದು ಕೂತಿತ್ತು. ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು ಇನ್ನೊಂದು. ಪಕ್ಕದ ಮನೆಗಳಿಗೆ ಹೊಂದಲಿ ಎಂದು ಸಂಖ್ಯೆಗಳನ್ನೂ ತಿದ್ದಿಸಿದ್ದರು. ಕಬ್ಬಿಣಕ್ಕೆ ಎಂಬತ್ತೇಳು, ಅದರ ಕೆಳಗೆ ಏಳು ಕವಚದ ಜೋಡಣೆ. ಪೇಂಟರಿಗೆ ಅದು ತಿಳಿಯುವ ಮಾತಲ್ಲ. ಹೀಗೆ ತಿದ್ದಲು ಎಲೆಕ್ಟ್ರಾನುಗಳ ಲೆಕ್ಕ ಬಲ್ಲವರೇ ಬೇಕು. ನನ್ನ ಬಿಟ್ಟರೆ ಅಷ್ಟು ಬಲ್ಲವರು ಆ ಕಾಲೇಜಿನಲ್ಲಿ ಒಬ್ಬರೇ ಇದ್ದರು.

ನಾನು ದೊಡ್ಡ ಕಾಗದದ ಮೇಲೆ ಸರಿಯಾದ ಕೋಷ್ಟಕ ಬರೆದು ಗೋಡೆಯ ಮೇಲೆಯೇ ತೂಗುಹಾಕಿದೆ. ಮರುದಿನ ಅದು ಇರಲಿಲ್ಲ. ಮತ್ತೆ ಹಾಕಿದೆ. ಮತ್ತೆ ಮಾಯ. ಪ್ರಿನ್ಸಿಪಾಲರು "ಸಾವ್ಕಾರ್ರು ಬಂದ್ರ ನನಗ ಕಷ್ಟ, ಉದ್ಘಾಟನಾ ಮುಗೀಲಿ" ಎಂದರು. ಉದ್ಘಾಟನೆಗೆ ಮೊದಲೇ ನನ್ನ ಕ್ಲಾಸು ಅದೇ ಲ್ಯಾಬಿನಲ್ಲಿ ನಡೆಯುತ್ತಿತ್ತು. ಪುಸ್ತಕ ನೋಡಿ ಓದಿರೆಂದು ಕೂಗಿ ಕೂಗಿ ಹೇಳಿದೆ. ಎಷ್ಟೋ ಹುಡುಗಿಯರ ಹತ್ತಿರ ಪುಸ್ತಕವಿರಲಿಲ್ಲ. ಗೋಡೆ ಮಾತ್ರ ಎಲ್ಲರಿಗೂ ಬಿಟ್ಟಿ.

ಆ ತಿಂಗಳ ಟೆಸ್ಟಿನಲ್ಲಿ ಒಂದು ಸಣ್ಣ ಪ್ರಶ್ನೆ ಕೊಟ್ಟೆ. ಗುಂಪಿನ ನಿಯಮದ ಪ್ರಕಾರ ಎಲ್ಲಕ್ಕಿಂತ ಸುಲಭವಾಗಿ ಎಲೆಕ್ಟ್ರಾನು ಕಳೆದುಕೊಳ್ಳಬೇಕಾದ ಧಾತು ಯಾವುದು, ಕಾರಣ ಬರೆಯಿರಿ. ಮನೆಯಲ್ಲಿ ಪೇಪರು ನೋಡುತ್ತ ಕೂತೆ. ಒಬ್ಬಳಾದ ಮೇಲೆ ಒಬ್ಬಳು ಬರೆದಿದ್ದರು, ಕಬ್ಬಿಣ. ಕಾರಣ? ಗುಂಪಿನಲ್ಲಿ ಕೆಳಗಿಳಿದಂತೆ ಕವಚಗಳು ಹೆಚ್ಚುತ್ತವೆ, ಒಳಗಿನ ಎಲೆಕ್ಟ್ರಾನುಗಳು ಅಡ್ಡ ನಿಲ್ಲುತ್ತವೆ, ಕೊನೆಯ ಎಲೆಕ್ಟ್ರಾನಿನ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಕಬ್ಬಿಣವು ನೀರಿನೊಂದಿಗೆ ಅತ್ಯಂತ ಜೋರಾಗಿ ಉರಿಯುತ್ತದೆ. ನಿಯಮ ನಾನು ಕಲಿಸಿದ್ದೇ. ಅದನ್ನು ಬಳಸಿದ ರೀತಿಯೂ ಸರಿ. ಕಬ್ಬಿಣದ ಬಕೆಟ್ಟಿನಲ್ಲಿ ದಿನಾ ನೀರು ಸೇದುವ ಹುಡುಗಿಯರು, ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಬೇಯಿಸಿ ತೊಳೆದಿಟ್ಟು ಕಾಲೇಜಿಗೆ ಬರುವವರು, ಕಬ್ಬಿಣ ನೀರಿಗೆ ಬಿದ್ದರೆ ಬೆಂಕಿ ಹತ್ತುತ್ತದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಕಣ್ಣಾರೆ ಕಂಡದ್ದಕ್ಕಿಂತ ಗೋಡೆ ದೊಡ್ಡದಾಗಿತ್ತು. ಅವರಿಗೆ ಸೊನ್ನೆ ಹಾಕಲು ನನಗೆ ಮನಸ್ಸಾಗಲಿಲ್ಲ, ಪೂರ್ತಿ ಕೊಡಲೂ ಆಗಲಿಲ್ಲ. ಕೆಂಪು ಪೆನ್ನನ್ನು ಗೋಡೆಗೆ ಬೀಸಿ ಒಗೆದೆ. ಒಳಗಿನಿಂದ ಅವ್ವ "ಏನಾತಬೇ?" ಎಂದು ಕೂಗಿದಳು.

ವಡ್ಡಿನ ಹುಡುಗಿ ಒಬ್ಬಳೇ ಫ್ರಾನ್ಸಿಯಂ ಎಂದು ಬರೆದು ಕೆಳಗೆ ಒಂದು ಸಾಲು ಸೇರಿಸಿದ್ದಳು. ಗೋಡೆಯ ಮೇಲೆ ಇರುವುದು ತಪ್ಪು. ಅವಳ ಬುದ್ಧಿ ಕಂಡು ಕಣ್ಣು ತುಂಬಿತು. ಅವತ್ತೇ ನಿರ್ಧಾರ ಮಾಡಿದೆ. ಆರ್ಡರು ಹೋದರೆ ಹೋಗಲಿ, ಉದ್ಘಾಟನೆಯ ದಿನ ಎಲ್ಲರ ಎದುರು ಹೇಳುತ್ತೇನೆ.

ಅತಿಥಿಗಳಿಗೆ ಗೋಡೆಯನ್ನು ವಿವರಿಸಲು ಪ್ರಿನ್ಸಿಪಾಲರು ಅದೇ ಹುಡುಗಿಯನ್ನು ಆರಿಸಿದ್ದರು. ಕ್ಲಾಸಿಗೆ ಮೊದಲನೆಯವಳು, ಮಾತು ಸ್ಪಷ್ಟ. ಹಿಂದಿನ ದಿನ ಸಂಜೆ ಅವಳು ನನ್ನ ಹತ್ತಿರ ಬಂದಳು.

"ಮೇಡಂ, ನಾಳಿ ಯಾವ್ದು ಹೇಳ್ಲಿ? ಗೋಡೀದೋ, ಪುಸ್ತಕದ್ದೋ?"

"ನೀ ಚಿಂತಿ ಮಾಡಬ್ಯಾಡ" ಎಂದೆ. "ನಿನಗಿಂತ ಮೊದ್ಲು ನಾ ಮಾತಾಡ್ತೀನಿ. ನಾ ಖರೇದು ಹೇಳಿದ ಮ್ಯಾಲ ನಿನಗ ದಾರಿ ಸಲೀಸು."

ಅವಳು ತಲೆಯಾಡಿಸಿ ಹೋದಳು.

ಉದ್ಘಾಟನೆಗೆ ಶಾಮಿಯಾನ, ಬಾಡಿಗೆ ಸೋಫಾ, ಹಾರಗಳ ರಾಶಿ. ಗಣಿ ಮಾಲೀಕರು ತಮ್ಮ ದೊಡ್ಡ ಕಾರುಗಳಲ್ಲಿ ಬಂದಿದ್ದರು. ಕಾರ್ಯಕ್ರಮ ಮುಗಿಸಿಕೊಂಡು ಹಂಪಿಯಲ್ಲಿ ಊಟ, ಹೊತ್ತಾಗಬಾರದು ಎಂದು ಒಬ್ಬರು ಆಗಲೇ ಗಡಿಯಾರ ನೋಡುತ್ತಿದ್ದರು. ರಿಬ್ಬನ್ ಕತ್ತರಿಸಿ ಎಲ್ಲರೂ ಲ್ಯಾಬಿನೊಳಗೆ ಬಂದರು. ಹುಡುಗಿಯರ ತಂದೆತಾಯಂದಿರು ಬಾಗಿಲಿಗೆ ಒತ್ತಿ ನಿಂತಿದ್ದರು. ಪ್ರಿನ್ಸಿಪಾಲರು ಮೈಕಿನಲ್ಲಿ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಆರ್ಡರಿನ ಕವರು ಅಧ್ಯಕ್ಷರ ಕೈಗೆ ಕೊಟ್ಟು, ಅದನ್ನು ಸ್ವೀಕರಿಸಿ ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದರು. ನಾನು ಕವರಿಗೆ ಕೈ ಚಾಚದೆ ಮೈಕು ತೆಗೆದುಕೊಂಡೆ.

"ಈ ಗೋಡೆ ತಪ್ಪು" ಎಂದೆ. "ಈ ಕೋಷ್ಟಕದಲ್ಲಿ ಯಾರಿಗೂ ಶಿಫಾರಸಿನ ಮೇಲೆ ಜಾಗ ಸಿಗುವುದಿಲ್ಲ. ಕಬ್ಬಿಣದ ಎಲೆಕ್ಟ್ರಾನು ಇಪ್ಪತ್ತಾರು, ಅದರ ಜಾಗ ನಡುವೆ. ಅದಕ್ಕೇ ಅದು ಗಟ್ಟಿ, ಅದಕ್ಕೇ ಅದರಿಂದ ಹಾರೆ, ಗುದ್ದಲಿ, ರೈಲು ಹಳಿ ಆಗುತ್ತವೆ. ಈಗ ಇಟ್ಟಿರುವ ಮೂಲೆಯಲ್ಲಿ ನಿಜಕ್ಕೂ ಅದು ಇದ್ದಿದ್ದರೆ ಹೊರಗೆ ನಿಂತಿರುವ ನಿಮ್ಮ ಲಾರಿಗಳೆಲ್ಲ ಮೊದಲ ಮಳೆಗೇ ಉರಿದುಹೋಗುತ್ತಿದ್ದವು. ನನ್ನ ಹುಡುಗಿಯರು ಇದನ್ನು ನಂಬಿ ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಿದ್ದಾರೆ. ದಯವಿಟ್ಟು ಇದನ್ನು ಅಳಿಸಿರಿ."

ಪ್ರಿನ್ಸಿಪಾಲರ ಮುಖ ಸುಣ್ಣವಾಗಿತ್ತು. ಅಧ್ಯಕ್ಷರು ಮಾತ್ರ ನಗುತ್ತಲೇ ಮುಂದೆ ಬಂದು ಮೈಕು ತೆಗೆದುಕೊಂಡರು.

"ಮೇಡಮ್ಮೋರು ಓದಿದೋರು, ಅವರು ಹೇಳಿದ್ದು ಖರೇನೂ ಇರಬಹುದು" ಎಂದರು. "ಆದ್ರ ಗೋಡಿ ನಮ್ದು."

ಗಣಿ ಮಾಲೀಕರು ಮೊದಲು ನಕ್ಕರು. ಆಮೇಲೆ ಚಪ್ಪಾಳೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಾಗಿಲ ಹತ್ತಿರ ನಿಂತ ತಂದೆತಾಯಂದಿರೂ, ಏನಾಯಿತೆಂದು ಗೊತ್ತಾಗದಿದ್ದರೂ, ದೊಡ್ಡವರು ತಟ್ಟಿದರೆಂದು ತಟ್ಟಿದರು. ಅಧ್ಯಕ್ಷರು ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮೈಮೇಲೆ ಬಿಸಿನೀರು ಹೊಯ್ದ ಹಾಗೆ ಉರಿಯುತ್ತ ನಿಂತೆ.

ಪ್ರಿನ್ಸಿಪಾಲರು ಗಡಿಬಿಡಿಯಲ್ಲಿ ವಡ್ಡಿನ ಹುಡುಗಿಯನ್ನು ಮುಂದೆ ತಳ್ಳಿದರು. "ಹೇಳವಾ, ನಮ್ಮ ಗೋಡಿ ಬಗ್ಗೆ ಹೇಳು."

ಅವಳು ಮೈಕು ಹಿಡಿದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳಪ್ಪ ಖಾಕಿ ಅಂಗಿಯಲ್ಲಿ, ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಅವಳು ಕೋಲೆತ್ತಿ ಗೋಡೆಗೆ ತಿರುಗಿ ಶುರು ಮಾಡಿದಳು. ಒಂದು ತಡವರಿಕೆಯಿಲ್ಲ. ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಚಿಕ್ಕದಾಗುತ್ತದೆ, ಮೇಲಿನಿಂದ ಕೆಳಗೆ ಇಳಿದಂತೆ ದೊಡ್ಡದಾಗುತ್ತದೆ. ನನ್ನ ಡ್ಯಾಮು, ನನ್ನ ಕಾಲುವೆ, ನನ್ನ ಕೊನೆಯ ಗದ್ದೆ, ಎಲ್ಲವನ್ನೂ ನನ್ನದೇ ಮಾತಿನಲ್ಲಿ ಹೇಳಿದಳು. ಕೊನೆಗೆ ಕೋಲನ್ನು ಬಂಗಾರದ ಅಂಚಿನ ಮನೆಯ ಮೇಲಿಟ್ಟು, "ಹೀಗಾಗಿ ಎಲ್ಲಾ ಧಾತುಗಳಿಗಿಂತ ದೊಡ್ಡದು, ಎಲ್ಲಕ್ಕಿಂತ ಶಕ್ತಿಶಾಲಿ, ನಮ್ಮ ಸಂಡೂರಿನ ಕಬ್ಬಿಣ" ಎಂದಳು.

ಚಪ್ಪಾಳೆ ಈ ಸಲ ಬಹಳ ಹೊತ್ತು ನಡೆಯಿತು. ಅಧ್ಯಕ್ಷರು ಅವಳ ತಲೆ ಮುಟ್ಟಿ ಹರಸಿ, ಮುಂದಿನ ಓದಿನ ಖರ್ಚು ತಮ್ಮದೆಂದು ಅಲ್ಲೇ ಸಾರಿದರು. ಅವಳಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ನಾನು ಬ್ಯಾಗು ತೆಗೆದುಕೊಂಡು ಹೊರಟೆ. ನಲ್ಲಿಯ ಹತ್ತಿರ ಅವಳು ಓಡಿ ಬಂದು ಅಡ್ಡ ನಿಂತಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅದು ಅವಳಿಗೂ ಕಂಡಿರಬೇಕು, ಹಿಂದೆ ಸರಿಯಲಿಲ್ಲ.

"ನಿನಗ ಗೊತ್ತಿತ್ತಲ್ಲೇ!" ಎಂದೆ. "ಟೆಸ್ಟಿನ್ಯಾಗ ನೀನಾಗೇ ಬರದಿದ್ದಿ. ನಾ ಎಲ್ಲಾರ ಮುಂದ ಹೇಳಿದ ಮ್ಯಾಲೂ ಹಿಂಗ್ಯಾಕ ಮಾಡಿದಿ?"

ಅವಳು ಅಳಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

"ನಿಮಗ ಹೊಸಪೇಟಿ ಬಸ್ ಐತ್ರಿ ಮೇಡಂ" ಎಂದಳು. "ನಮ್ಮಪ್ಪ ನಾಳಿ ಮುಂಜಾನಿ ಆರಕ್ಕ ಅವರ ಟಿಪ್ಪರ್ ಹತ್ತಬೇಕು."

ಅಷ್ಟು ಹೇಳಿ ಅವಳು ಅಪ್ಪನ ಕಡೆ ಹೋದಳು. ನನ್ನ ಬಸ್ಸು ಬಂತು. ಹತ್ತಿದೆ.